ಮಾವನ ಮೀಸೆಯ ಮೇಲೆ ಹಾಕಿದ ಅರ್ಜಿ

ಹೊಳವನಹಳ್ಳಿಯ ನಮ್ಮ ಮನೆ ಜಗಲಿಯ ಮೇಲೆ ಅವತ್ತು ಕೂತಿದ್ದವರು ಮೂರೇ ಜನ. ಗೋಡೆಗೊರಗಿ ನಮ್ಮ ಮಾವ. ಪಕ್ಕದಲ್ಲಿ ಅವರ ಹಿರೀಮಗ, ಮಧುಗಿರಿಯಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದ ನಮ್ಮ ಭಾವ. ಎದುರಿಗೆ ಕಿರಿಮಗ, ಅಂದರೆ ನನ್ನ ಯಜಮಾನರು. ನಾನು ಬಾಗಿಲೊಳಗೆ, ಮೂಗಿಗೆ ಸೆರಗು ಬಿಗಿದುಕೊಂಡು ಒರಳಿನ ಮುಂದೆ ನಿಂತಿದ್ದೆ. ಸೀಗೇಕಾಯಿ ಕುಟ್ಟುವವರಿಗೆ ಅದೇ ವೇಷ. ಹಿಟ್ಟಿನ ಮಿಲ್ಲಿನವರು ನಮ್ಮನ್ನು ಒಳಗೆ ಸೇರಿಸುತ್ತಿರಲಿಲ್ಲ. ಸೀಗೇಕಾಯಿ ಬೀಸಿದ ದಿನ ಊರವರ ರಾಗಿಹಿಟ್ಟೆಲ್ಲ ಸೀನು ಬರಿಸುತ್ತಿತ್ತು. ಹಾಗಾಗಿ ಕುಟ್ಟುವುದು, ಜರಡಿ ಹಿಡಿಯುವುದು ಎಲ್ಲ ನನ್ನ ಕೈಯಲ್ಲೇ.

ಪುಡಿಯನ್ನು ಬರೀ ಕಾಗದದ ಪೊಟ್ಟಣ ಕಟ್ಟಿ, ಗೊರವನಹಳ್ಳಿ ದೇವಸ್ಥಾನಕ್ಕೆ ಬರುವ ಹೆಂಗಸರಿಗೆ ಮಾರುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಆ ವರ್ಷದ ಯುಗಾದಿ ಊಟದಲ್ಲಿ ನಮ್ಮ ಯಜಮಾನರು ಆಸೆಯಿಂದ ಬಾಯಿಬಿಟ್ಟರು, ಇನ್ಮೇಲೆ ಪೊಟ್ಟಣದ ಮೇಲೆ ಅಪ್ಪಯ್ಯನ ಮುಖ ಅಚ್ಚು ಹಾಕಿಸ್ತೀನಿ ಅಂತ. ಆ ಮುಖಕ್ಕೆ ಬೆಲೆಯಿತ್ತು. ಮಾವ ಹರೆಯದಲ್ಲಿ ಪಾವಗಡದ ಕಡೆಯಿಂದ ಸೀಗೇಕಾಯಿ, ಹುಣಿಸೆಹಣ್ಣು ತಂದು ಸಿರಾ, ಕೊರಟಗೆರೆ ಸಂತೆಗಳಲ್ಲಿ ಮಾರಿದವರು. ಕಿವಿಯವರೆಗೆ ತೀಡಿದ ಅವರ ಮೀಸೆ ಕಂಡರೆ ಸಾಕು, ಜನ ಮೂಟೆ ಬಿಚ್ಚಿಸಿ ನೋಡದೆ ಕೊಳ್ಳುತ್ತಿದ್ದರಂತೆ.

ಭಾವ ಹೋಳಿಗೆ ಉಂಡು, ಒಳ್ಳೇ ಯೋಚನೆ ಕಣೋ ಅಂದರು. ಗೋಡೆಯ ಮೇಲಿದ್ದ ಮಾವನ ಒಂದೇ ಒಂದು ಫೋಟೋವನ್ನು ದೊಡ್ಡದು ಮಾಡಿಸಿ ತರ್ತೀನಿ ಅಂತ ಬಿಚ್ಚಿಕೊಂಡು ಹೋದರು. ಮಧುಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಸೀಗೇಪುಡಿಯ ಗೊಡವೆ ಅವರಿಗೇನು ಅಂದುಕೊಂಡೆ ನಾನು. ಇತ್ತ ಸಿರಾದ ಪ್ರೆಸ್ಸಿನವನು ಮಾವನನ್ನು ಕೂರಿಸಿಕೊಂಡು ಚಿತ್ರ ಬರೆದು ಲೇಬಲ್ ಅಚ್ಚು ಹಾಕಿಕೊಡುವಷ್ಟರಲ್ಲಿ, ಅತ್ತ ಭಾವ ಬೆಂಗಳೂರಿಗೆ ಹೋಗಿ, ಏಜೆಂಟನ್ನು ಹಿಡಿದು, ಆ ಮುಖವೇ ತಮ್ಮ ಸೀಗೇಪುಡಿಯ ಟ್ರೇಡ್‌ಮಾರ್ಕ್ ಅಂತ ಅರ್ಜಿ ಹಾಕಿಬಿಟ್ಟಿದ್ದರು. ಒಂದೇ ತೊಡಕು. ಬದುಕಿರುವವರ ಮುಖವಾದ್ದರಿಂದ ಅವರ ಒಪ್ಪಿಗೆ ತನ್ನಿ ಅಂದಿದ್ದರಂತೆ ಆಫೀಸಿನವರು. ಆ ಒಪ್ಪಿಗೆ ಕಾಗದ, ಹೆಬ್ಬೆಟ್ಟಿಗೆ ಇಂಕ್ ಪ್ಯಾಡು, ಗೋಡೆಯಿಂದ ಒಯ್ದಿದ್ದ ಅದೇ ಫೋಟೋ ಎಲ್ಲ ಹಿಡಿದು ಅವತ್ತು ಬಂದಿದ್ದರು.

ಭಾವ ಹೇಳಿದ ಪ್ರಕಾರ ಇನ್ನು ನಮ್ಮ ಲೇಬಲ್ ಒಂದೂ ಆಚೆ ಹೋಗಕೂಡದಂತೆ. ಬೇಕಾದರೆ ಪುಡಿ ಕುಟ್ಟಿ ಅವರ ಅಂಗಡಿಗೆ ಹಾಕಬಹುದಂತೆ, ಕೂಲಿ ಕೊಡುತ್ತಾರಂತೆ.

"ನಿನ್ ಪುಡಿ ಎಲ್ಲೈತ್ಲಾ?" ಅಂದರು ಮಾವ.

"ಇನ್ನೂ ಮಾಡಿಲ್ಲ ಅಪ್ಪಯ್ಯ. ಮುಂದೆ ಮಾಡ್ತೀನಿ ಅಂತ ಬರ್ಕೊಟ್ರೆ ಸಾಕು. ಕಾನೂನೇ ಅಂಗೈತೆ."

ನಮ್ಮ ಯಜಮಾನರಿಗೆ ಮೈ ಉರಿಯಿತು. ಮನೆಯಲ್ಲಿ ಅತ್ತಿಗೆ ತಲೆಗೆ ಸೋಪು ಉಜ್ಜಿಕೊಳ್ತಾರೆ, ಇವನು ಸೀಗೇಪುಡಿ ಸಾವ್ಕಾರ ಅಂತ ಹಂಗಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಅವನ ಮನೆಗೇ ಹೋಗಿ ಇರು ಅಂತ ಹೆತ್ತ ತಂದೆಗೂ ಅಂದರು. ಭಾವ ಕಾಗದ ಮಡಚುತ್ತಾ ನಕ್ಕರು.

"ಬುಡು. ಇವತ್ತು ಒತ್ತದಿದ್ರೆ ಏನೀಗ? ಅಪ್ಪಯ್ಯ ಏನು ಗೂಟ ಹೊಡ್ಕಂಡು ಕೂತಿರ್ತಾನಾ? ಆಮ್ಯಾಕೆ ಯಾರ ಒಪ್ಪಿಗೆ ಕೇಳ್ಬೇಕು?"

ನನ್ನ ಒನಕೆ ನಿಂತುಹೋಯಿತು. ಮಾವ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದಾಗ ಯಾರೋ ಅಂದುಕೊಂಡೆ. ಬಸ್ ಸ್ಟಾಪಿನ ಕ್ಷೌರದಂಗಡಿಯಲ್ಲಿ ಮೀಸೆ ತೆಗೆಸಿ ಬಂದಿದ್ದರು. ಅದಿದ್ದ ಜಾಗ ಮಾತ್ರ ಬಿಸಿಲು ಕಾಣದೆ ಬೆಳ್ಳಗಿತ್ತು. ನಮ್ಮಲ್ಲಿ ಮೀಸೆ ತೆಗೆಸುವುದು ಅಪ್ಪ ಸತ್ತಾಗ ಮಕ್ಕಳು.

ಭಾವನ ಕೈಯಿಂದ ಫೋಟೋ ಇಸಕೊಂಡು ನೋಡಿದರು. "ಇವ್ನು ಯಾರೋ ನಂಗೊತ್ತಿಲ್ಲ ಕಣ್ಲಾ. ಗೊತ್ತಿಲ್ದೋನ ಮೊಕಕ್ಕೆ ನಾನೆಂಗೆ ಹೆಬ್ಬೆಟ್ಟು ಒತ್ಲಿ?"

ಭಾವ ಅದನ್ನು ಕಿತ್ತುಕೊಂಡು, ಕಾಗದದ ಜೊತೆ ಸೇರಿಸಿ ಹರಿದು, ನಾನು ಜರಡಿ ಹಿಡಿದಿಟ್ಟಿದ್ದ ಪುಡಿಯ ಮೇಲೆ ಎಸೆದು ಬಸ್ಸಿಗೆ ಹೋದರು. ಮಾವ ಕಿರಿಮಗನನ್ನೂ ಬಿಡಲಿಲ್ಲ, ನಿನ್ ಪೊಟ್ಣಕ್ಕೂ ಬ್ಯಾಡ ಅಂದುಬಿಟ್ಟರು. ಲೇಬಲಿನ ಕಟ್ಟು ಅಟ್ಟ ಸೇರಿತು. ಪುಡಿ ಮೊದಲಿನಂತೆ ಬರೀ ಪೊಟ್ಟಣದಲ್ಲೇ ಹೋಯಿತು. ಭಾವ ಮತ್ತೆ ಆ ಅರ್ಜಿಯ ಸುದ್ದಿ ಎತ್ತಲಿಲ್ಲ, ಸೀಗೇಪುಡಿಯನ್ನೂ ಮಾಡಲಿಲ್ಲ. ಅಣ್ಣತಮ್ಮಂದಿರ ಮಾತು ಅಲ್ಲಿಗೇ ನಿಂತಿತು. ಮಾವ ಮತ್ತೆ ಮೀಸೆ ಬಿಡಲೇ ಇಲ್ಲ.

ಕೆಲವು ವರ್ಷಗಳಾದ ಮೇಲೆ ಮಾವ ತೀರಿಕೊಂಡರು. ತಿಥಿಯ ದಿನ ಪೂಜೆಗಿಡಲು ಒಂದು ಫೋಟೋವೂ ಇರಲಿಲ್ಲ. ಮೀಸೆ ಬೋಳಿಸಿಕೊಂಡಿದ್ದ ಭಾವ ಹೊಸ್ತಿಲಾಚೆ ನಿಂತು, ತಮ್ಮನ ಕಡೆ ನೋಡದೆ, ಒಂದು ಲೇಬಲ್ ಇದ್ದರೆ ಕೊಡಮ್ಮ ಅಂದರು. ನಾನು ಅಟ್ಟ ಹತ್ತಿ, ಕಟ್ಟು ಬಿಚ್ಚಿ, ಒಂದು ತಂದುಕೊಟ್ಟೆ.