ಇಬ್ಬರಿಗೂ ಹೇಳ್ರಿ

ಚನ್ನಗಿರಿಯ ನಮ್ಮ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದ ಅಕ್ಕ, ಆಸ್ಪತ್ರೆಯ ನರ್ಸಮ್ಮನ ಜೊತೆ ಸಂಸಾರ ಮಾಡಿಕೊಂಡಿದ್ದರು. ಯಾರೇ ಮದುವೆಗೆ ಕರೆಯಲು ಬರಲಿ, ಅಕ್ಕನದು ಒಂದೇ ಮಾತು: “ಹೇಳಿದ್ರೆ ಇಬ್ಬರಿಗೂ ಹೇಳ್ರಿ.”

ಎಂಬತ್ತನೇ ಇಸವಿ ಸುಮಾರಿಗೆ ನಮ್ಮಣ್ಣನ ಮದುವೆ. ಅವ್ವ ಕುಂಕುಮದ ಬಟ್ಟಲು ಹಿಡಿದು ಅಕ್ಕನ ಮನೆಗೆ ಕರೆಯಲು ಹೋದಳು, ನಾನೂ ಜೊತೆಗಿದ್ದೆ.

“ನೀನೊಬ್ಬಳೇ ಬಾರವ್ವಾ. ಆಕಿ ನಿನಗೇನಾಗಬೇಕು ಅಂತ ಬೀಗರು ಕೇಳಿದ್ರೆ ಏನನ್ನಲಿ?” ಅಂದಳು ಅವ್ವ.

ಅಕ್ಕ ಮಿಷನ್ ತುಳಿಯುತ್ತಲೇ ಇದ್ದರು. “ನಿಮ್ಮ ಯಜಮಾನ್ರು ನಿಮಗೇನಾಗಬೇಕೋ, ಆಕಿ ನನಗದೇ ಆಗಬೇಕು ಅನ್ರಿ.”

“ಅದನ್ನ ಯಾವ ಕಾನೂನು ಒಪ್ಪತೈತೆ?”

“ಒಪ್ಪಿದಾಗ ಒಪ್ಪಲಿ. ಕುಂಕುಮ ಹಚ್ಚಾಕೆ ಕಾನೂನು ಕೇಳಬೇಕೇನ್ರಿ? ಡ್ಯೂಟಿ ಮುಗಿಸಿ ಬರ್ತಾಳೆ, ಕೂತ್ಕೊಳ್ರಿ.”

ಅವ್ವ ಸಿಟ್ಟಿಗೆದ್ದು ಬಾಗಿಲತನಕ ಹೋದಳು. ಅಲ್ಲೇ ನಿಂತಳು, ತಿರುಗಿ ಬಂದು ಕೂತಳು. ನರ್ಸಮ್ಮ ಬಂದಾಗ ತಾನೇ ಎದ್ದು ಅವರ ಹಣೆಗೆ ಕುಂಕುಮ ಹಚ್ಚಿದಳು.

ಆಮೇಲೇ ಅಕ್ಕ ಮಿಷನ್ ನಿಲ್ಲಿಸಿ ತಮ್ಮ ಹಣೆ ಒಡ್ಡಿದ್ದು.