ಅಜ್ಜಿಯ ದೀಪಕ್ಕೆ ಗಂಗುಲಮ್ಮನ ಬೆಂಕಿಕಡ್ಡಿ

ಬೆಳಿಗ್ಗೆ ಐದೂಮುಕ್ಕಾಲು. ಸಾದಲಿಯ ಈ ಮನೆಯಲ್ಲಿ ಗಂಗುಲಮ್ಮ ನಿಂತಲ್ಲಿ ನಿಲ್ಲುವುದಿಲ್ಲ. ನೀರು ಕಾಯಿಸುತ್ತಾರೆ, ಹಾಸಿಗೆ ಬದಲಿಸುತ್ತಾರೆ, ಅಶ್ವತ್ಥಮ್ಮನವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಹುಣ್ಣು ತೊಳೆಯುತ್ತಾರೆ. ಲಕ್ವ ಹೊಡೆದು ಮಲಗಿರುವ ಅಜ್ಜಿಗೆ ಎಂಬತ್ತೊಂದು, ಜೊತೆಗೆ ಸಕ್ಕರೆ ಕಾಯಿಲೆ. ಸೊಸೆ ತನುಜ ರೇಷ್ಮೆಹುಳುವಿಗೆ ಸೊಪ್ಪು ತರಲು ಆಗಲೇ ತೋಟಕ್ಕೆ ಹೋಗಿಯಾಗಿದೆ.

ದಿನಕ್ಕೆ ಇಂಥವು ಐದು ಮನೆ. ಸಂಬಳ ಗಿಂಬಳ ಏನೂ ಇಲ್ಲ. ಹತ್ತೂವರೆಗೆ ಶಿಡ್ಲಘಟ್ಟದ ಬಸ್ಸು ಹಿಡಿದರೆ ಸಂಜೆಯವರೆಗೆ ಬಿಸಿನೀರಲ್ಲಿ ಕೈಯಿಟ್ಟು ಗೂಡಿನಿಂದ ನೂಲು ತೆಗೆಯುವ ಕೂಲಿ. ಬೆರಳ ಸಂದಿಯ ಚರ್ಮವೆಲ್ಲ ಸುಲಿದಿದೆ. ಆ ಕೈಯಲ್ಲಿ ಹುಣ್ಣು ತೊಳೆಯುವುದು ಹೇಗಮ್ಮ ಎಂದು ನಾನು ಕೇಳಿದರೆ ಕೈಗವಸು ತೋರಿಸುತ್ತಾರೆ.

ಹದಿನಾರು ವರ್ಷದ ಹಿಂದೆ ಗಂಗುಲಮ್ಮನೇ ಮೂರು ತಿಂಗಳು ಕಾಯಿಲೆ ಬಿದ್ದು ಮಲಗಿದ್ದಾಗ ಇವರನ್ನು ನೋಡಿಕೊಂಡವರು ಪ್ರಾರ್ಥನಾ ಸಭೆಯ ಹೆಂಗಸರು. ಆಮೇಲೆ ದೀಕ್ಷಾಸ್ನಾನವಾಗಿ ಕ್ರೈಸ್ತರಾದರು. ಸಭೆ ಬಲು ಕಟ್ಟುನಿಟ್ಟು. ಕುಂಕುಮ, ಹೂವು, ಸಿನಿಮಾ, ಪ್ರಸಾದ, ಬೇರೆ ದೇವರಿಗೆ ದೀಪ ಯಾವುದೂ ಕೂಡದು. ಗಂಗುಲಮ್ಮನದೂ ಅದೇ ನಂಬಿಕೆ, ಒಂಚೂರೂ ಸಡಿಲವಿಲ್ಲ.

“ಕಷ್ಟದಲ್ಲಿರೋರ್ನ ನೋಡು ಅಂತ ದೇವರ ವಾಕ್ಯದಾಗೆ ಬರೆದೈತೆ. ಬರೆದಿದ್ಮೇಲೆ ಮುಗೀತು. ಯಾರ ಮನೆಗೆ ಅಂತ ಬರೆದಿಲ್ಲ.”

ಪೇಚಾಟ ಶುರುವಾದದ್ದೇ ಇಲ್ಲಿ. ದೇವರಿಗೆ ದೀಪ ಹಚ್ಚದೆ ಅಜ್ಜಿ ಗಂಜಿ ಮುಟ್ಟುವುದಿಲ್ಲ, ಹಚ್ಚಲು ಕೈ ಏಳುವುದಿಲ್ಲ. ಸೊಸೆ ತೋಟದಿಂದ ಬಂದು, ಸ್ನಾನ ಮಾಡಿ ಹಚ್ಚುವಾಗ ಹನ್ನೊಂದು ದಾಟುತ್ತದೆ. ಒಂದು ಬೆಳಿಗ್ಗೆ ಹಸಿದ ಅಜ್ಜಿಯ ಕಣ್ಣು ಮೇಲಾಯಿತು. ಮಾರನೇ ದಿನ ಗಂಗುಲಮ್ಮ ಕಡ್ಡಿ ಗೀರಿದರು. ಅಂದಿನಿಂದ ದಿನವೂ ಗೀರುತ್ತಿದ್ದಾರೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ಸಭೆಯಲ್ಲಿ ತಾವೇ ಎದ್ದು ಹೇಳಿಬಿಟ್ಟರು. ಅಲ್ಲಿಂದೀಚೆಗೆ ಏಳು ವಾರ, ಯೇಸುವಿನ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿ ಇವರನ್ನು ದಾಟಿ ಪಕ್ಕದವರ ಕೈಗೆ ಹೋಗುತ್ತಿದೆ. ಕೇಳಿದ ನನಗೇ ರೇಗುತ್ತದೆ. ಇವರಿಗೆ ರೇಗುವುದಿಲ್ಲ, ಹೆದರಿಕೆಯಾಗುತ್ತದೆ.

“ನರಕ ಇರೋದು ದಿಟ ಕಣಪ್ಪ. ನಿದ್ದೇನೇ ಬರಲ್ಲ” ಎನ್ನುತ್ತಾ ಗಂಜಿ ಆರಿಸುತ್ತಾರೆ. ಒಂದು ಚಮಚ ಕುಡಿಸಿ ಉರಿಯುವ ದೀಪದ ಕಡೆ ನೋಡುತ್ತಾರೆ, ಇನ್ನೊಂದು ಕುಡಿಸಿ ಮತ್ತೆ ನೋಡುತ್ತಾರೆ.

ಪಾಸ್ಟರ್ ಜಗನ್ ಕೆಟ್ಟವರೇನಲ್ಲ. ತಪ್ಪಾಯಿತು, ಇನ್ನು ಹಚ್ಚುವುದಿಲ್ಲ ಎಂದು ಸಭೆಯ ಮುಂದೆ ಒಂದು ಮಾತು ಹೇಳಿದರೆ ಅಂದೇ ರೊಟ್ಟಿ ಕೊಡುವುದಾಗಿ ಹೇಳಿದ್ದಾರೆ. ಈ ಭಾನುವಾರ ಕೇಳುತ್ತಾರಂತೆ. ಏನು ಹೇಳುತ್ತೀರಿ ಎನ್ನುತ್ತೇನೆ. ಗಂಗುಲಮ್ಮ ಅಜ್ಜಿಯ ಬಾಯಿ ಒರೆಸುತ್ತಾರೆ.

“ತಪ್ಪಾಯ್ತು ಅಂತೀನಿ, ಅದು ದಿಟ. ಇನ್ಮೇಲೆ ಹಚ್ಚಲ್ಲ ಅಂತ ಹೆಂಗನ್ನಲಿ? ದೇವರ ಮುಂದೆ ಸುಳ್ಳು ಹೇಳಕ್ಕಾಗಲ್ಲ. ಸೋಮವಾರ ಬೆಳಿಗ್ಗೆ ಇಲ್ಲಿಗೆ ಬರ್ತೀನಲ್ಲ.”