ಮಾವ ಹೊಡೆಯದೆ ಬಿಟ್ಟ ಪ್ಯಾದಿ

ಎರಡು ವರ್ಷದ ಹಿಂದಿನ ಮಾತು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿದ್ದ ವಾರ. ನಾನಿರುವುದು ಬಳ್ಳಾರಿಯ ಗಾಂಧಿನಗರದಲ್ಲಿ, ಗಣಿತ ಕಲಿಸುವುದು ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋಗುವಾಗ ಪಾಠದ ಚಿಂತೆ, ಬರುವಾಗ ಮೊಬೈಲಿನಲ್ಲಿ ಚೆಸ್. ಆಗ ಎದುರಾಳಿ ಸಿರುಗುಪ್ಪದಲ್ಲಿರುವ ನನ್ನ ಸೋದರಮಾವ ಬಸಣ್ಣ.

ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನಾನು ಹೈಸ್ಕೂಲು ಮುಗಿಸುವವರೆಗೆ ಬೆಳೆದದ್ದು ಮಾವನ ಮನೆಯಲ್ಲೇ. ಆ ಸಲಿಗೆಗೆ ಇವತ್ತಿಗೂ ಮಾವನನ್ನು ಏಕವಚನದಲ್ಲೇ ಮಾತಾಡಿಸುತ್ತೇನೆ. ಮಾವ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಗಿರಣಿಯಿಂದ ಹೊರಬಿದ್ದರೆ ನೇರ ಖಾದರ್ ಸಾಬರ ವಾಚ್ ರಿಪೇರಿ ಅಂಗಡಿಗೆ. ಅಂಗಡಿ ಮುಂದಿನ ಕಟ್ಟೆಯ ಮೇಲೆ ಸಂಜೆಯಾದರೆ ಚೆಸ್ಸಿನ ಮಣೆ ಬಿಚ್ಚಿಕೊಳ್ಳುತ್ತಿತ್ತು. ಊಟಕ್ಕೆ ಕರೆಯಲು ಅತ್ತೆ ನನ್ನನ್ನು ಕಳಿಸುತ್ತಿದ್ದಳು. ಕರೆಯಲು ಹೋದವಳು ಅಲ್ಲೇ ನಿಂತು ನೋಡುತ್ತಾ ನೋಡುತ್ತಾ ಆಟ ಕಲಿತೆ. ಉಳಿದದ್ದನ್ನು ಮಾವ ಮನೆಯಲ್ಲಿ ಕೂರಿಸಿಕೊಂಡು ಕಲಿಸಿದ.

ಆ ಕಟ್ಟೆಯ ಆಟಕ್ಕೆ ಅದರದೇ ಒಂದು ರೀತಿ ಇತ್ತು. ಮಂತ್ರಿಯಿಂದಲೋ ಆನೆಯಿಂದಲೋ ಎದುರಿನ ರಾಜನನ್ನು ಕಟ್ಟಿಹಾಕಿ ಮಾತ್ ಕೊಟ್ಟರೆ ಅದು ಬರೀ ಗೆಲುವು. ಪ್ಯಾದಿಯಿಂದ, ಅಂದರೆ ಎಲ್ಲಕ್ಕಿಂತ ಸಣ್ಣ ಕಾಯಾದ ಕಾಲಾಳಿನಿಂದ ಮಾತ್ ಕೊಟ್ಟರೆ ಅದು ಬಜಾರಿನಲ್ಲೆಲ್ಲ ಹೇಳಿಕೊಳ್ಳುವ ಗೆಲುವು. ಅದಕ್ಕಾಗಿ ಸುಲಭದ ಮಾತ್ ಕಣ್ಣೆದುರಿಗೇ ಇದ್ದರೂ ಬಿಟ್ಟು, ಪ್ಯಾದಿಯನ್ನು ಒಂದೊಂದೇ ಮನೆ ನಡೆಸಿಕೊಂಡು ಬರುತ್ತಿದ್ದರು. ಸೋಲುತ್ತಿರುವವನು ಕಡೆಯವರೆಗೂ ಕೂತು ಆ ಮಾತ್ ತಿನ್ನಬೇಕು. ನಡುವೆ ಎದ್ದು ಹೋಗುವುದು ಉಣ್ಣುವ ಎಲೆ ಬಿಟ್ಟು ಎದ್ದು ಹೋದಷ್ಟೇ ತಪ್ಪು. ನಾನು ಲಂಗ ತೊಡುತ್ತಿದ್ದ ಕಾಲದಲ್ಲಿ ಖಾದರ್ ಸಾಬರು ಮಾವನಿಗೆ ಒಮ್ಮೆ ಪ್ಯಾದಿ ಮಾತ್ ಕೊಟ್ಟರು. ಅಂದಿನಿಂದ ದಾರಿಯಲ್ಲಿ ಸಿಕ್ಕರೂ ಸಾಕು, “ಬಸಣ್ಣಾರ, ಪ್ಯಾದಿ ಹುಷಾರ್ರಿ” ಎನ್ನುವುದೇ ಅವರ ನಮಸ್ಕಾರವಾಯಿತು. ಮಾವ ನಗುತ್ತಿದ್ದ, ಆದರೆ ಅದು ಅವನೊಳಗೆ ಮುಳ್ಳಿನ ಹಾಗೆ ಉಳಿದಿತ್ತು. ತಿರುಗಿ ಒಂದು ಪ್ಯಾದಿ ಮಾತ್ ಕೊಡಲು ಹೋಗಿ ಗೆದ್ದ ಆಟಗಳನ್ನು ಎಷ್ಟೋ ಸಲ ಕೈಯಾರೆ ಕೆಡಿಸಿಕೊಂಡ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಮಾವನಿಗೆ ಮಂಡಿನೋವು ಹೆಚ್ಚಾಗಿ ಬಜಾರಿಗೆ ಹೋಗುವುದು ನಿಂತಾಗ ನನ್ನ ಮಗಳು ಸಹನಾ ಅವನ ಮೊಬೈಲಿಗೆ ಚೆಸ್ ಹಾಕಿಕೊಟ್ಟಳು. ಗಡಿಬಿಡಿಯ ಆಟವಲ್ಲ. ಒಬ್ಬೊಬ್ಬರಿಗೆ ಒಂದು ನಡೆಗೆ ಒಂದು ದಿನಕ್ಕಿಂತ ಹೆಚ್ಚು ಸಮಯ. ಮಾವ ಬೆಳಿಗ್ಗೆ ಚಹಾ ಕುಡಿದು ತನ್ನ ಕಾಯಿ ನಡೆಸುತ್ತಿದ್ದ, ನಾನು ಸಂಜೆ ಕುರುಗೋಡಿನಲ್ಲಿ ಬಸ್ ಹತ್ತಿದ ಮೇಲೆ ನನ್ನದನ್ನು. ಒಂದು ಆಟ ತಿಂಗಳುಗಟ್ಟಲೆ ನಡೆಯುತ್ತಿತ್ತು. ಹೆಚ್ಚಾಗಿ ನಾನೇ ಗೆಲ್ಲುತ್ತಿದ್ದೆ. ಸೋತಾಗ ಮಾವ ಮೊಬೈಲಿನಲ್ಲಿ ಒಂದು ಕೈಮುಗಿಯುವ ಚಿತ್ರ ಕಳಿಸುತ್ತಿದ್ದ. ಮರುದಿನ ಹೊಸ ಆಟ.

ಸಹನಾ ಕಾಲೇಜಿನ ಚೆಸ್ ತಂಡದಲ್ಲಿದ್ದಾಳೆ. ನಾನು ಬೇರೆ ಯಾರೊಡನೆಯೋ ಸೋಲುತ್ತಾ ಆಡುವುದನ್ನು ಒಮ್ಮೆ ನೋಡಿ ಹೇಳಿದಳು, “ಅಮ್ಮಾ, ಆನಿ ಹೋದ ಮ್ಯಾಲೂ ಆಡಾಕ ಹತ್ತೀಯಲ್ಲ, ಇದು ಚಂದ ಕಾಣಂಗಿಲ್ಲ. ಸೋತೀವಿ ಅಂತ ಗೊತ್ತಾದ್ರ ರಿಸೈನ್ ಮಾಡ್ಬೇಕು. ಇಲ್ಲಾಂದ್ರ ಎದುರಿನೋರಿಗೆ, ನಿನಗ ಗೆಲ್ಲಾಕ ಬರಂಗಿಲ್ಲ ಬಿಡು ಅಂದಂಗ ಆಗ್ತತಿ.” ಪರದೆಯ ಮೂಲೆಯಲ್ಲಿ ಒಂದು ಸಣ್ಣ ಬಾವುಟ ಇರುತ್ತದೆ, ಅದನ್ನು ಒತ್ತಿದರೆ ಸೋಲು ಒಪ್ಪಿಕೊಂಡ ಹಾಗೆ. ಒಳ್ಳೆಯ ಆಟಗಾರರ ಮರ್ಯಾದೆ ಅದು ಎಂದಳು. ನಾನು ಟೀಚರ್. ಮರ್ಯಾದೆ ಎಂದು ಯಾರಾದರೂ ಹೇಳಿದರೆ ಬೇಗ ಒಪ್ಪಿಬಿಡುವ ಅಭ್ಯಾಸ.

ಆ ವಾರ ಕೊನೆಮುಟ್ಟಿದ್ದ ಆಟದಲ್ಲಿ ನಾನು ಬಹಳ ಮೊದಲೇ ಒಂದು ಆನೆ ಕಳೆದುಕೊಂಡಿದ್ದೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು, ನೋಡದೆ ನಡೆಸಿದ್ದರ ಫಲ. ಮುಂದೆ ಒಂದೊಂದೇ ಕಾಯಿ ಹೋಗುತ್ತಾ ಹೋಗುತ್ತಾ ನನ್ನ ರಾಜ ಮೂಲೆಗೆ ಬಿದ್ದ. ಮಾವನ ಹತ್ತಿರ ಇನ್ನೂ ಆನೆ, ಒಂಟೆ, ಒಂದು ಪ್ಯಾದಿ ಇದ್ದವು. ನನ್ನ ಹತ್ತಿರ ರಾಜನನ್ನು ಬಿಟ್ಟರೆ ದೂರದ ಇನ್ನೊಂದು ಬದಿಯಲ್ಲಿ ಒಂದೇ ಒಂದು ಪ್ಯಾದಿ.

ಮಾವ ಆನೆಯನ್ನು ಪಕ್ಕಕ್ಕೆ ಸರಿಸಿದ್ದರೆ ಆಟ ಅಲ್ಲೇ ಮುಗಿಯುತ್ತಿತ್ತು. ಸರಿಸಲಿಲ್ಲ. ನನ್ನ ಒಂಟಿ ಪ್ಯಾದಿಯನ್ನು ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಮರುದಿನವೂ ಅದೇ ಕತೆ. ರಾಜನ ಹತ್ತಿರ ತನ್ನ ಪ್ಯಾದಿಯನ್ನು ಒಂದು ಮನೆ ಮುಂದೆ ತಂದ, ಅಷ್ಟೇ. ನನಗೆ ಮೊದಲು ನಗು ಬಂತು, ಆಮೇಲೆ ಸಣ್ಣಗೆ ಸಿಟ್ಟು, ಕಡೆಗೆ ಅಯ್ಯೋ ಅನ್ನಿಸಿತು. ಮಾವನಿಗೆ ಸಕ್ಕರೆ ಕಾಯಿಲೆ. ಕಣ್ಣು ಮಂಜಾಗಿದೆ, ಮೊಬೈಲನ್ನು ಮೂಗಿಗೆ ಹಿಡಿದುಕೊಂಡು ನೋಡುತ್ತಾನೆ ಎಂದು ಅತ್ತೆ ಹೇಳಿದ್ದಳು. ಪಾಪ, ಆನೆ ಎಲ್ಲಿದೆ ಎಂದೇ ಕಾಣುತ್ತಿಲ್ಲ ಎಂದುಕೊಂಡೆ. ನನ್ನ ರಾಜನಿಗೆ ಅಲುಗಾಡಲು ಮನೆಯೇ ಇರಲಿಲ್ಲ. ಮಾವ ಕಾಣದೆ ಇವತ್ತೋ ನಾಳೆಯೋ ನನ್ನ ಆ ಕೊನೆಯ ಪ್ಯಾದಿಯನ್ನೂ ಹೊಡೆದುಬಿಟ್ಟರೆ ನನಗೆ ನಡೆಸಲು ಏನೂ ಉಳಿಯುವುದಿಲ್ಲ, ಚೆಸ್ಸಿನ ನಿಯಮದ ಪ್ರಕಾರ ಆಟ ಡ್ರಾ ಆಗುತ್ತದೆ. ಗೆದ್ದ ಆಟವನ್ನು ಮಾವ ಕೈಯಾರೆ ಕಳೆದುಕೊಳ್ಳುತ್ತಾನಲ್ಲ ಎನ್ನುವ ಕರುಣೆ ನನ್ನದು.

ಮರುದಿನ ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಮೊಬೈಲು, ಭುಜಕ್ಕೆ ಪೇಪರಿನ ಚೀಲ. ನನ್ನ ಸರದಿ ಬಂದಿತ್ತು. ನಡೆಸಲು ಇದ್ದದ್ದು ಅದೊಂದೇ ಪ್ಯಾದಿ, ಅದೂ ಒಂದೇ ಮನೆ. ನನಗೆ ಸಹನಾಳ ಮಾತು ನೆನಪಾಯಿತು. ಬಾವುಟ ಒತ್ತಿದೆ. ನಿಜವಾಗಿಯೂ ಸೋಲು ಒಪ್ಪುತ್ತೀರಾ ಎಂದು ಮೊಬೈಲು ಕೇಳಿತು. ಹೌದು ಎಂದೆ. “ಗೆದ್ದಿ ಮಾವ. ಭಾರಿ ಆಡಿದಿ” ಎಂದು ಬರೆದು ಕಳಿಸಿದೆ. ಮಾವ ಎಷ್ಟು ಖುಷಿಪಡುತ್ತಾನೋ ಎಂದು ನನ್ನಷ್ಟಕ್ಕೆ ನಾನೇ ನಗುತ್ತಾ ನಿಂತಿದ್ದೆ.

ಬಸ್ಸು ಇನ್ನೂ ಊರು ಬಿಟ್ಟಿರಲಿಲ್ಲ, ಅತ್ತೆಯ ಫೋನು ಬಂತು.

“ಏನವ್ವಾ ಗಿರಿಜಾ, ಮೊಬೈಲಿನಾಗ ಏನರ ಕೆಟ್ಟತೇನು? ಆಟ ಮುಗೀತು ಅಂತ ತೋರಸಾಕ ಹತ್ತೈತಂತ.”

“ಕೆಟ್ಟಿಲ್ಲ ಅತ್ತಿ. ನಾನ ಸೋಲು ಒಪ್ಪಿಕೊಂಡೆ. ಮಾವ ಗೆದ್ದ.”

ಅತ್ತೆ ದನಿ ತಗ್ಗಿಸಿ ಹೇಳಿದಳು. “ಖಾದರ್ ಸಾಬ್ರು ಬಂದು ಕುಂತಾರವ್ವಾ. ಕರೂರು ಹಳ್ಳಿಂದ ಹಳೇ ಗಿರಣಿ ಮಂದಿನೂ ಇಬ್ರು ಬಂದಾರ. ನಿಮ್ಮ ಮಾವಾರ ಕರಿಸ್ಯಾರ. ಗಿರಿಜಾ ಬಸ್ ಹತ್ತಿದ ಮ್ಯಾಲೆ ಒಂದು ಮನಿ ನಡೀತಾಳ, ಆಮ್ಯಾಲೆ ನಂದು ಪ್ಯಾದಿ ಮಾತ್ ಐತಿ, ನೋಡಾಕ ಬರ್ರಿ ಅಂತ. ಒಗ್ಗಾಣಿ ಮಾಡೀನಿ, ಮಿರ್ಚಿ ಕರದೀನಿ. ಎಲ್ಲಾರು ಮೊಬೈಲ್ ಸುತ್ತ ಕುಂತಿದ್ವಿ.”

ಮಾವನ ಆ ನಡೆಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಮಾವ ಆನೆಯನ್ನು ಯಾಕೆ ಸರಿಸಲಿಲ್ಲ, ನನ್ನ ಪ್ಯಾದಿಯನ್ನು ಯಾಕೆ ಹೊಡೆಯದೆ ಬಿಟ್ಟ, ಎಲ್ಲ ತಿಳಿಯಿತು. ನನಗೆ ನಡೆಸಲು ಒಂದು ಕಾಯಿ ಇರಲಿ, ಆಟ ಡ್ರಾ ಆಗದಿರಲಿ ಎಂದೇ ಅದನ್ನು ಜೋಪಾನವಾಗಿ ಉಳಿಸಿದ್ದ. ನಾನು ಅದನ್ನು ಒಂದು ಮನೆ ನಡೆಸಿದ್ದರೆ ಸಾಕಿತ್ತು. ಅವನ ಪ್ಯಾದಿ ಒಂದು ಹೆಜ್ಜೆ ಮುಂದೆ ಬಂದು ನನ್ನ ರಾಜನಿಗೆ ಮಾತ್ ಕೊಡುತ್ತಿತ್ತು. ಖಾದರ್ ಸಾಬರ ಎದುರಿಗೇ.

“ಅತ್ತಿ, ಮಾವಗ ಕೊಡು ಫೋನ್” ಎಂದೆ.

“ಮಾವಾ, ನನಗ ತಿಳೀಲಿಲ್ಲ...” ಎಂದು ಶುರುಮಾಡಿದೆ.

“ಇರ್ಲಿ ಬಿಡವ್ವಾ” ಎಂದ ಮಾವ. “ಬಸ್ಸಿನಾಗ ಸೀಟು ಸಿಕ್ಕತಿಲ್ಲೋ?”

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸಿಕ್ಕಿದೆ ಎಂದು ಸುಳ್ಳು ಹೇಳಿದೆ. ಮನೆಗೆ ಬಂದು ಸಹನಾಳ ಮೇಲೆ ಹರಿಹಾಯ್ದೆ. ಅವಳದೇನು ತಪ್ಪು? ಅವಳು ಹೇಳಿದ್ದು ಅವಳ ಆಟದ ಮರ್ಯಾದೆ. ಮಾವನ ಕಟ್ಟೆಯ ಮರ್ಯಾದೆ ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವಳು ನಾನೊಬ್ಬಳೇ.

ಭಾನುವಾರ ಸಿರುಗುಪ್ಪಕ್ಕೆ ಹೋದೆ. ಮೂಲೆಯಲ್ಲಿದ್ದ ಹಳೆಯ ಮಣೆ ತೆಗೆದು, ಆ ಆಟ ನಿಂತ ಜಾಗಕ್ಕೇ ಕಾಯಿಗಳನ್ನು ಇಟ್ಟೆ. ಖಾದರ್ ಸಾಬರಿಗೂ ಬರಲು ಹೇಳಿದ್ದೆ. ಅವರು ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ನಾನು ನನ್ನ ಪ್ಯಾದಿಯನ್ನು ಒಂದು ಮನೆ ನಡೆಸಿ ಹೇಳಿದೆ, “ಮಾವಾ, ಈಗ ನಿಂದು. ಕೊಡು ಮಾತ್.”

ಮಾವ ಮಣೆಯ ಮೇಲೆ ಬಾಗಿ ಕಾಯಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಕಣ್ಣು ಅಷ್ಟು ಕೆಟ್ಟಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ತನ್ನ ಪ್ಯಾದಿಯ ತಲೆಯ ಮೇಲೆ ಬೆರಳಿಟ್ಟ. ಎತ್ತಲಿಲ್ಲ.

“ಆಗಂಗಿಲ್ಲವ್ವಾ. ನೀ ಎದ್ದು ಹೋಗೀದಿ. ಎದ್ದು ಹೋದೋರ್ನ ಕರಕೊಂಡು ಬಂದು ಕುಂದ್ರಿಸಿ ಹೊಡದ್ರ ಅದು ಮಾತ್ ಅಲ್ಲ.”

“ಬಸಣ್ಣಾರ, ನಾ ಒಪ್ಪೀನ್ರಿ” ಎಂದರು ಖಾದರ್ ಸಾಬರು. “ಅಲ್ಲಾನ ಮ್ಯಾಲ ಆಣಿ ಮಾಡಿ ಹೇಳ್ತೀನಿ, ಇದು ಪ್ಯಾದಿ ಮಾತ್. ಇನ್ನ ಮ್ಯಾಲ ನಾ ಏನೂ ಅನ್ನಂಗಿಲ್ಲ. ಬೇಟಿ ಇಷ್ಟು ದೂರದಿಂದ ಬಂದಾಳ, ಹೊಡೀರಿ.”

“ನೀವು ಒಪ್ಪಿದ್ರ ಆತೇನ್ರಿ, ನಾ ಒಪ್ಪಬೇಕಲ್ಲ” ಎಂದು ಮಾವ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. ನಗು ಹೋಗಿತ್ತು. “ನಿನ್ನ ಪ್ಯಾದಿ ಯಾಕ ಹೊಡೀಲಿಲ್ಲ ಅಂತ ಗೊತ್ತಾಗ್ಲಿಲ್ಲೇನು ನಿನಗ?”

“ಇಲ್ಲ ಮಾವ. ನಿನಗ ಕಣ್ಣು ಕಾಣವಲ್ದು ಅಂತ ತಿಳಕೊಂಡೆ.”

“ಹೌದೇನು” ಎಂದ. ಪ್ಯಾದಿಯ ಮೇಲಿದ್ದ ಬೆರಳು ತೆಗೆದು ಹೇಳಿದ, “ಬ್ಯಾರೆದೋರಿಗೆ ಗೊತ್ತಾಗದಿದ್ರೂ ನಿನಗ ಗೊತ್ತಾಗ್ತತಿ ಅನಕೊಂಡಿದ್ದೆ.”

ಅತ್ತೆ ಚಹಾ ತಂದಳು. ಮಾವ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಅಡುಗೆಮನೆಯಲ್ಲಿ ಅತ್ತೆ ಹೇಳಿದಳು, ಬಳ್ಳಾರಿಯ ಕಣ್ಣಿನ ಡಾಕ್ಟರು ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರಂತೆ. ನಮಗೆ ಹೇಳುವುದು ಬೇಡ ಎಂದು ಮಾವನೇ ತಡೆದಿದ್ದನಂತೆ. ಈ ಆಟ ಮುಗಿದ ಮೇಲೆ ಮೊಬೈಲು ಬಿಡುತ್ತೇನೆ, ಅದಕ್ಕೆ ಮುಂಚೆ ಒಂದು ಪ್ಯಾದಿ ಮಾತ್ ಕೊಟ್ಟುಬಿಡಬೇಕು ಎಂದು ತಿಂಗಳಿನಿಂದ ಹೇಳುತ್ತಿದ್ದನಂತೆ. ನಾನು ಅಲ್ಲೇ ಒಲೆಯ ಪಕ್ಕ ಕೂತು ಅತ್ತುಬಿಟ್ಟೆ. ಆಟಕ್ಕೆ ಅಳುತ್ತಾರೇನು ಎಂದು ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದಳು.

ಹೇಳಿದ ಹಾಗೆ ಮಾವ ಮೊಬೈಲು ಬಿಟ್ಟ. ಫೋನಿನಲ್ಲಿ ಬಾಯಿಮಾತಿನಲ್ಲೇ ಆಡೋಣ ಎಂದು ನಾನು ಕೆಲವು ದಿನ ಹಟ ಹಿಡಿದೆ. ಯಾವ ಕಾಯಿ ಎಲ್ಲಿದೆ ಎಂಬುದು ಅವನಿಗೆ ನೆನಪಿನಲ್ಲಿ ನಿಲ್ಲಲಿಲ್ಲ. ನನಗೂ ಅವನನ್ನು ತಿದ್ದಲು ಮನಸ್ಸಾಗಲಿಲ್ಲ. ತಾನಾಗಿಯೇ ನಿಂತುಹೋಯಿತು. ಖಾದರ್ ಸಾಬರು ಮಾತಿಗೆ ತಪ್ಪಲಿಲ್ಲ. “ಪ್ಯಾದಿ ಹುಷಾರ್ರಿ” ಎನ್ನುವುದನ್ನು ಅವತ್ತಿನಿಂದ ಬಿಟ್ಟರು. ಅದನ್ನು ಬಿಟ್ಟದ್ದೇ ಮಾವನಿಗೆ ಹೆಚ್ಚು ನೋವಾಯಿತೇನೋ ಎಂದು ನನಗೆ ಅನ್ನಿಸುತ್ತದೆ.

ಕುರುಗೋಡಿನಿಂದ ಬರುವಾಗ ನಾನು ಈಗಲೂ ಆಡುತ್ತೇನೆ, ಯಾರು ಯಾರೋ ಗೊತ್ತಿಲ್ಲದವರ ಜೊತೆ. ಎಷ್ಟೇ ಸೋತರೂ ಆ ಬಾವುಟದ ಕಡೆ ಬೆರಳು ಹೋಗುವುದಿಲ್ಲ. ಯಾಕೆ ಸುಮ್ಮನೆ ಸಮಯ ಹಾಳು ಮಾಡುತ್ತೀರಿ ಎಂದು ಒಬ್ಬರು ಬರೆದಿದ್ದರು. ನಾನು ನನ್ನ ಮುಂದಿನ ಕಾಯಿ ನಡೆಸಿದೆ. ಸಹನಾ ಮಾತ್ರ ಈಗ ರಿಸೈನ್ ಮಾಡು ಎನ್ನುವುದಿಲ್ಲ.

ಕಳೆದ ಸಲ ಸಿರುಗುಪ್ಪಕ್ಕೆ ಹೋದಾಗ ಮಾವ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದ. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ಕೇಳಿದ, “ಆಡಾಕ ಹತ್ತೀಯಿಲ್ಲೋ ಬಸ್ಸಿನಾಗ?”

“ಆಡ್ತೀನಿ ಮಾವ. ಸೋತ್ರೂ ಕಡೀತನಕ ಕುಂದರ್ತೀನಿ.”

“ಯಾರರ ಕೊಟ್ರೇನು ಪ್ಯಾದಿ ಮಾತ್?”

“ಇಲ್ಲ ಮಾವ. ಯಾರೂ ಅದಕ್ಕ ಕಾಯಂಗಿಲ್ಲ. ಮಂತ್ರೀನೋ ಆನೀನೋ ತಂದು ಮುಗಿಸಿಬಿಡ್ತಾರ.”

ಮಾವ ತಲೆಯಾಡಿಸಿದ. ಹಾಸಿಗೆಯ ಮೇಲೆ ತಡಕಾಡಿ ನನ್ನ ಕೈ ಹುಡುಕಿ ಹಿಡಿದುಕೊಂಡ. “ಕುಂದ್ರವ್ವಾ, ಕುಂದ್ರು. ನೀ ಏಳಬ್ಯಾಡ” ಎಂದ.

ಆವತ್ತು ಕೊನೆಯ ಬಸ್ಸಿನ ಹೊತ್ತಿನವರೆಗೂ ನಾನು ಅವನ ಪಕ್ಕದಿಂದ ಏಳಲಿಲ್ಲ. ಈಗ ಎಷ್ಟು ಹೊತ್ತು ಕೂತರೂ, ಬಾವುಟ ಒತ್ತಿದ ಆ ಸಂಜೆ ಕೂರಬೇಕಾಗಿದ್ದದ್ದು ಒಂದೇ ಒಂದು ನಡೆಯಷ್ಟು ಹೊತ್ತು.